ಗಂಟೆ ಬಾರಿಸದ ಶುಕ್ರವಾರ

1996ರ ಜೂನ್ ತಿಂಗಳಲ್ಲಿ ದಕ್ಷಿಣ ಕನ್ನಡದ ಒಂದು ಸಣ್ಣ ಪೇಟೆಯ ಪ್ರೌಢಶಾಲೆಗೆ ಸಮಾಜ ಪಾಠದ ಅಧ್ಯಾಪಕಿಯಾಗಿ ಹೋದಾಗ ನನಗೆ ಇಪ್ಪತ್ತಾರು ವರ್ಷ. ಹಾಸನದ ಕಡೆಯವಳು ನಾನು. ಆ ಊರಿನ ಮಳೆ, ಕುಚ್ಚಲಕ್ಕಿ ಅನ್ನ, ಮಾತು ಮಾತಿಗೆ ಬರುವ 'ಎಂತ', 'ಉಂಟು' ಯಾವುದೂ ಅಭ್ಯಾಸವಿರಲಿಲ್ಲ. ಇರಲು ಸಿಕ್ಕಿದ್ದು ಒಬ್ಬ ಕ್ರೈಸ್ತ ಮುದುಕಿಯ ಮನೆಯ ಹಿಂಬದಿಯ ಎರಡು ಕೋಣೆ. ಊರವರೆಲ್ಲ ಆಕೆಯನ್ನು 'ಬಾಯಮ್ಮ' ಎನ್ನುತ್ತಿದ್ದರು. ಕೊಂಕಣಿ ಮಾತಾಡುವ ಕ್ರೈಸ್ತ ಹೆಂಗಸರನ್ನು ಆ ಕಡೆ ಕರೆಯುವುದೇ ಹಾಗೆ. ನಾನೂ ಹಾಗೆಯೇ ಕರೆದೆ. ಆಕೆ ಕೊನೆಯವರೆಗೂ ನನ್ನನ್ನು 'ಟೀಚರೇ' ಎಂದೇ ಕರೆದರು.

ಆ ಮೊದಲ ವರ್ಷ, ಅಂದರೆ 1997ರ ಮಾರ್ಚ್ 28, ಶುಕ್ರವಾರ. ಕ್ಯಾಲೆಂಡರಿನಲ್ಲಿ ಕೆಂಪಕ್ಷರ, ಶಾಲೆಗೆ ರಜೆ. ನಾನು ಬೆಳೆದ ಬೀದಿಯಲ್ಲಿ ಕ್ರೈಸ್ತರ ಮನೆ ಒಂದೂ ಇರಲಿಲ್ಲ. ಕ್ರಿಸ್‌ಮಸ್ಸಿನ ಹಾಗೆ ಇದೂ ಒಂದು ಹಬ್ಬ ಎಂದುಕೊಂಡಿದ್ದೆ. ಮಕ್ಕಳಿಗೆ ರೋಮ್ ಸಾಮ್ರಾಜ್ಯದ ಪಾಠ ಹೇಳುವವಳ ತಿಳಿವಳಿಕೆ ಇಷ್ಟು! ಅಂದು ಬೆಳಿಗ್ಗೆ ತಲೆಗೆ ನೀರು ಹಾಕಿಕೊಂಡು, ಶುಕ್ರವಾರವಲ್ಲವೇ ಎಂದು ಹೊಸ್ತಿಲಿಗೆ ಅರಿಸಿನ ಕುಂಕುಮವಿಟ್ಟು, ಮಲ್ಲಿಗೆ ಮುಡಿದು, ಹಿಂದಿನ ರಾತ್ರಿ ಮಾಡಿಟ್ಟಿದ್ದ ಕೊಬ್ಬರಿ ಮಿಠಾಯಿಯನ್ನು ಡಬ್ಬಿಗೆ ತುಂಬಿ ಮುಂದಿನ ಬಾಗಿಲಿಗೆ ಹೋದೆ. "ಹಬ್ಬದ ಶುಭಾಶಯಗಳು, ಬಾಯಮ್ಮ" ಎಂದೆ.

ಆಕೆ ಬಣ್ಣ ಮಾಸಿದ ಸೀರೆಯಲ್ಲಿದ್ದರು. ಕಿವಿಯ ಓಲೆ ಇರಲಿಲ್ಲ. ತಲೆ ಬಾಚಿರಲಿಲ್ಲ. ದಿನವೂ ಬೆಳಿಗ್ಗೆ ಕೊಂಕಣಿ ಹಾಡು ಕೇಳಿಸುತ್ತಿದ್ದ ರೇಡಿಯೋದ ಮೇಲೆ ಒಂದು ಬಟ್ಟೆ ಹೊದಿಸಿತ್ತು. ಡಬ್ಬಿಯನ್ನು ಎರಡು ಕೈಯಲ್ಲಿ ತೆಗೆದುಕೊಂಡರು. ನನ್ನ ಮುಖ ನೋಡಿದರು. "ಟೀಚರೇ, ಇವತ್ತು ನಮ್ಮಲ್ಲಿ ಸಾವಿನ ದಿನ" ಎಂದರು. ಸಿಟ್ಟಿನಿಂದಲ್ಲ, ಗೊತ್ತಿಲ್ಲದ ಮಗುವಿಗೆ ಹೇಳುವ ಹಾಗೆ. "ಇದನ್ನು ಇಟ್ಟಿರುತ್ತೇನೆ. ಆದಿತ್ಯವಾರ ತೆಗೆಯುವ, ಆಯ್ತಾ?"

ನಾನು ಹಿಂದೆ ಬಂದು ಮುಡಿದ ಹೂವನ್ನು ತೆಗೆದು ಕಿಟಕಿಯಲ್ಲಿಟ್ಟೆ. ನಾಚಿಕೆಗಿಂತ ಹೆಚ್ಚಾಗಿ ಇನ್ನೊಂದು ಸಂಗತಿ ನನ್ನನ್ನು ಕಾಡಿತು. ಸಾವಿನ ದಿನ ಎಂದು ಬಾಯಿಬಿಟ್ಟು ಹೇಳುವ ಅಭ್ಯಾಸ ನಮ್ಮ ಮನೆಯಲ್ಲಿ ಇರಲಿಲ್ಲ. ನಾನು ಕೆಲಸಕ್ಕೆ ಬರುವ ಮೊದಲು, 1995ರ ಚಳಿಗಾಲದಲ್ಲಿ, ನನ್ನ ತಮ್ಮ ಕೆರೆಯಲ್ಲಿ ಮುಳುಗಿ ಹೋಗಿದ್ದ. ಹತ್ತೊಂಬತ್ತು ವರ್ಷ. ಹನ್ನೊಂದನೆಯ ದಿನದ ಕಾರ್ಯ ಮುಗಿದ ಮೇಲೆ ದೊಡ್ಡತ್ತೆ ಅಮ್ಮನಿಗೆ, "ಇನ್ನು ಅಳಬೇಡ, ಅತ್ತರೆ ಹೋದವನ ದಾರಿಗೆ ನೀರು ಅಡ್ಡ ಬರುತ್ತೆ" ಎಂದಿದ್ದರು. ಅಪ್ಪ ಅವನ ಫೋಟೋ ತೆಗೆದು ಟ್ರಂಕಿನಲ್ಲಿಟ್ಟರು. ಅಲ್ಲಿಂದ ಮುಂದೆ ಮನೆಯಲ್ಲಿ ಯಾರೂ ಅವನ ಹೆಸರೆತ್ತಲಿಲ್ಲ. ಅಮ್ಮ ಅಳಲಿಲ್ಲ, ಮಾತನ್ನೂ ಕಡಿಮೆ ಮಾಡಿದಳು. ಹಿರಿಯರು ಕೆಟ್ಟದ್ದು ಬಯಸಿ ಹೇಳಿದ್ದಲ್ಲ ಎನ್ನುವುದು ನನಗೂ ಗೊತ್ತು.

ಮಧ್ಯಾಹ್ನ ಬಾಯಮ್ಮನೇ ಹಿತ್ತಿಲ ಬಾಗಿಲಿಗೆ ಬಂದು ಕರೆದರು. "ಇಗರ್ಜಿಗೆ ಬರ್ತೀರಾ? ಹಿಂದಿನ ಬೆಂಚಿನಲ್ಲಿ ಕೂತುಕೊಳ್ಳಿ. ಶಿಲುಬೆಗೆ ಮುತ್ತು ಕೊಡಬಹುದು. ಪರಮ ಪ್ರಸಾದಕ್ಕೆ ಮಾತ್ರ ಬರಬಾರದು, ಅದು ನಮಗೆ." ಇಗರ್ಜಿ ಎಂದರೆ ಅಲ್ಲಿಯ ಮಾತಿನಲ್ಲಿ ಚರ್ಚು. ಕೈಗೆ ಒಂದು ಕನ್ನಡ ಬೈಬಲ್ ಕೊಟ್ಟರು. ಪ್ರಾರ್ಥನೆಯೆಲ್ಲ ಕೊಂಕಣಿಯಲ್ಲಿ, ನನಗೆ ತಿಳಿಯಲಿ ಎಂದು ಯೋಹಾನನ ಸುವಾರ್ತೆಯ 18 ಮತ್ತು 19ನೆಯ ಅಧ್ಯಾಯಗಳಿಗೆ ಒಂದು ದಾರ ಹಾಕಿಟ್ಟಿದ್ದರು. ಪವಿತ್ರ ಶುಕ್ರವಾರ ಓದುವುದು ಯಾವಾಗಲೂ ಅದನ್ನೇ.

ಮೊದಲು ಗಮನಕ್ಕೆ ಬಂದದ್ದು ಗಂಟೆಯ ಮೌನ. ದಿನಕ್ಕೆ ಮೂರು ಬಾರಿ ಆ ಗಂಟೆ ಕೇಳಿ ನಾನು ಅಕ್ಕಿ ತೊಳೆಯುತ್ತಿದ್ದೆ, ದೀಪ ಹಚ್ಚುತ್ತಿದ್ದೆ. ಹಿಂದಿನ ದಿನ ಗುರುವಾರದ ಸಂಜೆಯ ಪೂಜೆಯಲ್ಲಿ ಒಮ್ಮೆ ಜೋರಾಗಿ ಬಾರಿಸಿದರೆ ಮುಗಿಯಿತು. ಆಮೇಲೆ ಶನಿವಾರ ರಾತ್ರಿಯ ಪಾಸ್ಖ ಜಾಗರಣೆಯವರೆಗೆ ಗಂಟೆಗೆ ಬಾಯಿಲ್ಲ. ಬದಲಿಗೆ ಒಬ್ಬ ಹುಡುಗ ಮರದ ಹಲಗೆಯೊಂದನ್ನು ಹಿಡಿದು ಅಲುಗಿಸುತ್ತಿದ್ದ. ಅದಕ್ಕೆ ಕೂಡಿಸಿದ ಮರದ ತುಂಡು ಬಡಿದು ಟಕಟಕ ಎನ್ನುತ್ತಿತ್ತು. ಪೋರ್ಚುಗೀಸರ ಮಾತಿನಲ್ಲಿ ಅದು ಮತ್ರಾಕಾ. ಕಂಚಿನ ನಾದಕ್ಕೆ ಒಗ್ಗಿದ ಕಿವಿಗೆ ಒಣಮರದ ಆ ಸದ್ದು ಎಂಥದೆಂದು ಕೇಳಿದವರಿಗೇ ಗೊತ್ತು.

ಒಳಗೆ ಪೂಜಾಪೀಠದ ಮೇಲೆ ಒಂದು ತುಂಡು ಬಟ್ಟೆ ಇಲ್ಲ, ಮೇಣದ ಬತ್ತಿ ಇಲ್ಲ, ಹೂವಿಲ್ಲ. ಗುರುಗಳು ಕೆಂಪು ಉಡುಪಿನಲ್ಲಿ ಸದ್ದಿಲ್ಲದೆ ಬಂದರು, ಬಂದವರೇ ಪೀಠದ ಮುಂದೆ ನೆಲದ ಮೇಲೆ ಬೋರಲು ಮಲಗಿಬಿಟ್ಟರು. ಹಾಡಿಲ್ಲ, ಮಂತ್ರವಿಲ್ಲ. ಜನರೆಲ್ಲ ಮಂಡಿಯೂರಿದರು. ನಾನೂ ಊರಿದೆ. ನಮ್ಮ ಊರಿನಲ್ಲಿ ಮಣ್ಣು ಕೊಟ್ಟು ಬಂದ ದಿನ ಅಪ್ಪ ಪಡಸಾಲೆಯ ನೆಲದ ಮೇಲೆ ಹಾಗೆಯೇ ಮಲಗಿದ್ದರು.

ಅಂದು ಬಲಿಪೂಜೆಯೇ ಇಲ್ಲ ಎಂಬುದು ನನಗೆ ಬಹಳ ವಿಚಿತ್ರವೆನಿಸಿತು. ವರ್ಷದ ಉಳಿದ ದಿನಗಳಲ್ಲಿ ತಪ್ಪದೆ ನಡೆಯುವ ಪೂಜೆ ಅತ್ಯಂತ ಪವಿತ್ರವಾದ ಈ ದಿನವೇ ನಿಲ್ಲುತ್ತದೆ. ಹಂಚುವ ಪರಮ ಪ್ರಸಾದ ಕೂಡ ಹಿಂದಿನ ದಿನ ಪವಿತ್ರೀಕರಿಸಿ ಇಟ್ಟದ್ದು. ಬಾಯಮ್ಮ ಬಾಲಕಿಯಾಗಿದ್ದಾಗ ಅದೂ ಜನರಿಗೆ ಸಿಗುತ್ತಿರಲಿಲ್ಲವಂತೆ, ಪಾದ್ರಿಯವರು ಮಾತ್ರ ತೆಗೆದುಕೊಳ್ಳುತ್ತಿದ್ದರಂತೆ. ಆಗ ವಿಧಿಯೆಲ್ಲ ಲ್ಯಾಟಿನ್ನಿನಲ್ಲಿ, ಅದೂ ಬೆಳಿಗ್ಗೆಯೇ, ಕಪ್ಪು ಉಡುಪಿನಲ್ಲಿ. ಹನ್ನೆರಡನೆಯ ಪಯಸ್ ಪೋಪರು 1955ರಲ್ಲಿ ಹೊರಡಿಸಿದ ಆಜ್ಞೆಯಂತೆ 1956ರಿಂದ ಅದು ಮಧ್ಯಾಹ್ನಕ್ಕೆ, ಯೇಸು ಪ್ರಾಣಬಿಟ್ಟ ಹೊತ್ತಿಗೆ, ಮರಳಿತು. ಜನರಿಗೂ ಪ್ರಸಾದ ಸಿಕ್ಕಿತು. ಎರಡನೆಯ ವ್ಯಾಟಿಕನ್ ಮಹಾಸಭೆಯ ನಂತರ ಲ್ಯಾಟಿನ್ ಹೋಗಿ ಜನರ ಭಾಷೆ ಬಂತು, ಕಪ್ಪು ಹೋಗಿ ಕೆಂಪು ಬಂತು. "ಅರ್ಥ ಆಗದಿದ್ದಾಗಲೂ ಅಳು ಬರುತ್ತಿತ್ತು ಟೀಚರೇ" ಎನ್ನುತ್ತಿದ್ದರು ಬಾಯಮ್ಮ. ಹಳೆಯ ಕಾಲದ ಇನ್ನೊಂದು ವಿಧಿಯೂ ಇತ್ತು. ತ್ರಿಕೋನದ ದೀಪಸ್ತಂಭದಲ್ಲಿ ಹದಿನೈದು ಬತ್ತಿ ಹಚ್ಚಿ, ಒಂದೊಂದು ಕೀರ್ತನೆಗೆ ಒಂದೊಂದನ್ನು ನಂದಿಸುತ್ತಾ ಹೋಗಿ, ಕೊನೆಯ ಬತ್ತಿಯನ್ನು ಉರಿಯುತ್ತಿರುವಂತೆಯೇ ಪೀಠದ ಹಿಂದೆ ಮರೆಮಾಡುವುದು. ಆ ಕತ್ತಲಲ್ಲಿ ಪುಸ್ತಕ, ಬೆಂಚು ಬಡಿದು ಸದ್ದು ಮಾಡುವುದು, ಕ್ರಿಸ್ತನ ಮರಣದ ಹೊತ್ತಿನ ಭೂಕಂಪದ ನೆನಪಿಗೆ. ದೊಡ್ಡವರಿಗೆ ಅದು ಶೋಕ, ಹುಡುಗರಿಗೆ ಬೆಂಚು ಬಡಿಯಲು ಸಿಕ್ಕ ಅಪ್ಪಣೆ.

ಇನ್ನು ಆ ಓದು. ಮೂವರು ಹಂಚಿಕೊಂಡು ಓದುತ್ತಾರೆ: ಒಬ್ಬರು ಕಥೆ ಹೇಳುವವರು, ಒಬ್ಬರು ಕ್ರಿಸ್ತನ ಮಾತು, ಮತ್ತೊಬ್ಬರು ಉಳಿದವರ ಮಾತು. ಗುಂಪಿನ ಕೂಗು ಬಂದಾಗ ಮಾತ್ರ ಬೆಂಚಿನಲ್ಲಿ ಕುಳಿತವರೆಲ್ಲ ಒಟ್ಟಿಗೆ ಹೇಳಿದರು. ಅವನನ್ನು ಶಿಲುಬೆಗೆ ಹಾಕು ಎನ್ನುವ ಮಾತನ್ನು ಬಾಯಮ್ಮ ಪಕ್ಕದಲ್ಲಿ ಕುಳಿತು ತಗ್ಗಿದ ದನಿಯಲ್ಲಿ ಹೇಳಿದಾಗ ನನಗೆ ಮೈ ಜುಮ್ಮೆಂದಿತು. ಪ್ರಾಣಬಿಟ್ಟ ಮಾತು ಬಂದ ಕೂಡಲೇ ಓದು ನಿಂತಿತು. ಎಲ್ಲರೂ ಮಂಡಿಯೂರಿದರು. ಎಷ್ಟು ಹೊತ್ತೋ ನೆನಪಿಲ್ಲ. ಮುಂದಿನ ಬೆಂಚಿನಲ್ಲಿ ಯಾರೋ ಮೂಗೊರೆಸಿಕೊಂಡರು. ನಾನು ಕೈಯಲ್ಲಿದ್ದ ಬೈಬಲ್ಲಿನ ಮೇಲೆ ತಲೆಯಿಟ್ಟು ಅತ್ತೆ. ಯೇಸುವಿಗಾಗಿ ಎಂದು ಹೇಳಿದರೆ ಸುಳ್ಳಾದೀತು. ಒಂದೂವರೆ ವರ್ಷ ಒಳಗಿಟ್ಟುಕೊಂಡಿದ್ದದ್ದು ಅಲ್ಲಿ ಹೊರಬಂತು. ಬಾಯಮ್ಮ ಏನೂ ಕೇಳಲಿಲ್ಲ. ಅಂದು ಆ ಜಾಗದಲ್ಲಿ ಅಳುವವಳನ್ನು ಯಾಕೆ ಎಂದು ಕೇಳುವವರೇ ಇರುವುದಿಲ್ಲ.

ಆಮೇಲೆ ನಾನು ಈ ದಿನದ ಇತಿಹಾಸವನ್ನು ಹುಡುಕಿಕೊಂಡು ಓದತೊಡಗಿದೆ. ಅದರಲ್ಲಿ ಸಿಕ್ಕವಳು ಎಗೇರಿಯಾ. ನಾಲ್ಕನೆಯ ಶತಮಾನದ ಕೊನೆಗೆ, ಸುಮಾರು 381ರಿಂದ 384ರ ಹೊತ್ತಿಗೆ, ಯೂರೋಪಿನ ಪಶ್ಚಿಮದ ಅಂಚಿನಿಂದ ಯೆರೂಸಲೇಮಿಗೆ ಯಾತ್ರೆ ಬಂದ ಹೆಂಗಸು. ಅಲ್ಲಿ ಕಂಡದ್ದನ್ನೆಲ್ಲ ಊರಿನಲ್ಲಿದ್ದ ತನ್ನ 'ಸಹೋದರಿಯರಿಗೆ' ಬರೆದು ತಿಳಿಸಿದಳು. ಅವಳ ಬರಹ ನೂರಾರು ವರ್ಷ ಯಾರಿಗೂ ಗೊತ್ತಿಲ್ಲದೆ ಬಿದ್ದಿದ್ದು, 1884ರಲ್ಲಿ ಇಟಲಿಯ ಅರೆಜ್ಜೊ ಪಟ್ಟಣದ ಒಂದು ಗ್ರಂಥಾಲಯದಲ್ಲಿ ಸಿಕ್ಕಿತು. ಮೊದಲಿನ ಹಾಳೆಗಳೂ ಇಲ್ಲ, ಕೊನೆಯವೂ ಇಲ್ಲ. ಆದರೆ ಈ ಶುಕ್ರವಾರದ ಭಾಗ ಉಳಿದಿದೆ, ಪುಣ್ಯ! ಈ ದಿನವನ್ನು ಯೆರೂಸಲೇಮಿನಲ್ಲಿ ಹೇಗೆ ಆಚರಿಸುತ್ತಿದ್ದರು ಎಂಬುದನ್ನು ಕಣ್ಣಾರೆ ಕಂಡು ಇಷ್ಟು ವಿವರವಾಗಿ ಬರೆದಿಟ್ಟವಳು ಒಬ್ಬ ಹೆಣ್ಣುಮಗಳು.

ಅವಳು ಹೇಳುವುದು ಹೀಗೆ. ಹಿಂದಿನ ರಾತ್ರಿಯೆಲ್ಲ ಜನ ಎಣ್ಣೆಮರದ ಗುಡ್ಡದಲ್ಲಿ ಜಾಗರಣೆ ಮಾಡುತ್ತಾರೆ. ಉಪವಾಸದಿಂದ ಬಳಲಿದವರು ಮೆಲ್ಲಮೆಲ್ಲಗೆ ಇಳಿದು ಗೆತ್ಸೆಮನೆಗೆ ಬರುತ್ತಾರೆ. ಅಲ್ಲಿ ಯೇಸುವನ್ನು ಹಿಡಿದ ಭಾಗವನ್ನು ಓದಿದಾಗ ಏಳುವ ಗೋಳು ಪಟ್ಟಣದವರೆಗೆ ಕೇಳಿಸುತ್ತದೆ. ಬೆಳಿಗ್ಗೆ ಗೊಲ್ಗೊಥಾದಲ್ಲಿ ಬಿಷಪ್ಪರು ಕೂರುತ್ತಾರೆ. ಮುಂದೆ ಬಿಳಿ ಬಟ್ಟೆ ಹಾಸಿದ ಮೇಜು. ಬೆಳ್ಳಿಗೆ ಚಿನ್ನದ ಲೇಪವಿರುವ ಪೆಟ್ಟಿಗೆಯಿಂದ ಶಿಲುಬೆಯ ಮರದ ತುಂಡನ್ನು ತೆಗೆದಿಡುತ್ತಾರೆ. ಜನ ಒಬ್ಬೊಬ್ಬರಾಗಿ ಬಂದು ಬಾಗಿ, ಮೊದಲು ಹಣೆಯನ್ನು, ಆಮೇಲೆ ಕಣ್ಣನ್ನು ಅದಕ್ಕೆ ಒತ್ತಿ, ಮುತ್ತಿಟ್ಟು ಮುಂದೆ ಹೋಗುತ್ತಾರೆ. ಕೈಯಿಂದ ಮುಟ್ಟುವಂತಿಲ್ಲ. ಬಿಷಪ್ಪರು ಎರಡೂ ಕಡೆ ಗಟ್ಟಿಯಾಗಿ ಹಿಡಿದಿರುತ್ತಾರೆ, ಸುತ್ತ ಸೇವಕರು ಕಾವಲಿರುತ್ತಾರೆ. ಯಾಕೆಂದರೆ ಹಿಂದೊಮ್ಮೆ ಯಾರೋ ಮುತ್ತಿಡುವ ನೆಪದಲ್ಲಿ ಒಂದು ಚೂರನ್ನು ಕಚ್ಚಿಕೊಂಡು ಹೋಗಿದ್ದನಂತೆ! ಇದನ್ನು ಓದಿ ನಗು ಬಂತು. ಭಕ್ತಿ ಎಲ್ಲ ಕಾಲದಲ್ಲೂ ಒಂದೇ ತರಹ. ಕಣ್ಣಿಗೆ ಒತ್ತಿಕೊಳ್ಳುವ ಮಾತು ಓದಿದಾಗ ಮಾತ್ರ ನಗು ನಿಂತಿತು. ಪುಸ್ತಕ ಕಾಲಿಗೆ ತಾಗಿದರೆ, ಪ್ರಸಾದದ ಹೂವು ಕೈಗೆ ಬಂದರೆ ನಾವು ಮಾಡುವುದೂ ಅದೇ ಅಲ್ಲವೇ?

ಮಧ್ಯಾಹ್ನ ಹನ್ನೆರಡರಿಂದ ಮೂರರವರೆಗೆ, ಮಳೆಯಿರಲಿ ಬಿಸಿಲಿರಲಿ, ಬಯಲು ಅಂಗಳದಲ್ಲಿ ಕಾಲಿಡಲು ಜಾಗವಿಲ್ಲದಷ್ಟು ಜನ. ಓದು, ಪ್ರಾರ್ಥನೆ, ಮತ್ತೆ ಓದು. ಒಂದೊಂದು ಓದಿಗೂ ಹಿರಿಯರು ಕಿರಿಯರೆನ್ನದೆ ಎಲ್ಲರೂ ಅಳುತ್ತಾರೆ ಎನ್ನುತ್ತಾಳೆ ಎಗೇರಿಯಾ. ಸತ್ತು ಮುನ್ನೂರೈವತ್ತು ವರ್ಷವಾದವನಿಗೆ ಇಂದು ಬೆಳಿಗ್ಗೆ ಸತ್ತವನಿಗೆ ಅಳುವ ಹಾಗೆ.

ಆ ಮೂರು ಗಂಟೆಯ ಕಥೆ ಇನ್ನೊಂದು ಕಡೆಯಿಂದಲೂ ಬಂದಿದೆ. ದಕ್ಷಿಣ ಅಮೆರಿಕದ ಪೆರು ದೇಶದ ಲಿಮಾ ನಗರ 1687ರ ಭೂಕಂಪದಿಂದ ನಲುಗಿತ್ತು. ಹದಿನೇಳನೆಯ ಶತಮಾನದ ಕೊನೆಯ ಆ ವರ್ಷಗಳಲ್ಲಿ ಅಲ್ಲಿಯ ಜೆಸ್ವಿಟ್ ಪಾದ್ರಿ ಅಲೋನ್ಸೊ ಮೆಸಿಯಾ ಶಿಲುಬೆಯ ಮೇಲಿನ ಏಳು ಮಾತುಗಳನ್ನು ಧ್ಯಾನಿಸುವ ಮೂರು ಗಂಟೆಯ ಪ್ರಾರ್ಥನೆಯನ್ನು ಆರಂಭಿಸಿದರು. ಅಲ್ಲಿಂದ ಅದು ಯೂರೋಪಿಗೆ ಹೋಯಿತು. ಸ್ಪೇನಿನ ಕಾದಿಜ್ ಪಟ್ಟಣದ ಇಂಥ ಪ್ರಾರ್ಥನೆಗಾಗಿಯೇ 1780ರ ದಶಕದಲ್ಲಿ ಹೈಡನ್ ಏಳು ಮಾತುಗಳಿಗೆ ಸಂಗೀತ ರಚಿಸಿದ. ಆ ದಿನ ಅಲ್ಲಿ ಕಿಟಕಿ, ಗೋಡೆ, ಕಂಬಗಳಿಗೆಲ್ಲ ಕಪ್ಪು ಬಟ್ಟೆ ಹೊದಿಸಿ ನಡುವೆ ಒಂದೇ ದೀಪ ಇಡುತ್ತಿದ್ದರಂತೆ. ತಮಾಷೆಯೆಂದರೆ ಕಥೊಲಿಕರು ಹುಟ್ಟುಹಾಕಿದ ಇದನ್ನು ನಮ್ಮ ಕಡೆ ಈಗ ಹೆಚ್ಚು ನಿಷ್ಠೆಯಿಂದ ನಡೆಸುವವರು ಪ್ರಾಟೆಸ್ಟಂಟರು. ಬಾಸೆಲ್ ಮಿಷನ್ನಿನವರು 1834ರಲ್ಲಿ ಮಂಗಳೂರಿಗೆ ಬಂದವರು. ಅವರ ಪರಂಪರೆಯ ಸಿ.ಎಸ್.ಐ. ಸಭೆಯ ನನ್ನ ಸಹೋದ್ಯೋಗಿಯೊಬ್ಬರು ಹನ್ನೆರಡಕ್ಕೆ ಹೋದರೆ ಮೂರಕ್ಕೇ ಹೊರಗೆ ಬರುತ್ತಿದ್ದರು. ಏಳು ಮಾತಿಗೆ ಏಳು ಜನ ಮಾತಾಡುತ್ತಾರೆ. ಒಂದು ವರ್ಷ ಮೂರನೆಯ ಮಾತು, ತಾಯಿಯನ್ನು ಶಿಷ್ಯನಿಗೆ ಒಪ್ಪಿಸುವ ಮಾತು, ಈಕೆಯ ಪಾಲಿಗೆ ಬಂತು. ಎಂಟು ದಿನ ಸ್ಟಾಫ್ ರೂಮಿನಲ್ಲಿ ಬರೆದು ಬರೆದು ಹರಿದು ಹಾಕಿದರು. "ಸಾಯುವ ಮಗನಿಗೆ ಅಮ್ಮನ ಊಟ ಬಟ್ಟೆಯ ಚಿಂತೆ. ಇದರ ಮೇಲೆ ನಾನು ಏನು ಭಾಷಣ ಮಾಡಲಿ?" ಎನ್ನುತ್ತಿದ್ದರು.

ಹೆಂಗಸರ ಕಣ್ಣಿನಿಂದ ನೋಡಿದರೆ ಈ ಕಥೆಯಲ್ಲಿ ಬೇರೆಯೇ ಒಂದು ಸಾಲು ಎದ್ದು ಕಾಣುತ್ತದೆ. ಶಿಷ್ಯರಲ್ಲಿ ಹೆಚ್ಚಿನವರು ಓಡಿಹೋಗಿದ್ದಾರೆ. ಯೋಹಾನನ ಸುವಾರ್ತೆಯ ಪ್ರಕಾರ ಶಿಲುಬೆಯ ಬುಡದಲ್ಲಿ ಉಳಿದವರು ತಾಯಿ, ತಾಯಿಯ ತಂಗಿ, ಕ್ಲೋಪನ ಮರಿಯ, ಮಗ್ದಲದ ಮರಿಯ, ಜೊತೆಗೆ ಒಬ್ಬನೇ ಒಬ್ಬ ಶಿಷ್ಯ. ಇಗರ್ಜಿಯ ಗೋಡೆಯ ಮೇಲೆ ಶಿಲುಬೆ ಹಾದಿಯ ಹದಿನಾಲ್ಕು ಚಿತ್ರಗಳಿರುತ್ತವೆ, ನೀವು ನೋಡಿರಬಹುದು. ಆ ಹದಿನಾಲ್ಕರ ಲೆಕ್ಕ ಗಟ್ಟಿಯಾದದ್ದು 1731ರಲ್ಲಿ, ಹನ್ನೆರಡನೆಯ ಕ್ಲೆಮೆಂಟ್ ಪೋಪರ ಕಾಲದಲ್ಲಿ. ನಾಲ್ಕನೆಯದರಲ್ಲಿ ತಾಯಿ ಎದುರಾಗುತ್ತಾಳೆ, ಆರನೆಯದರಲ್ಲಿ ವೆರೋನಿಕಾ ಮುಖ ಒರೆಸುತ್ತಾಳೆ, ಎಂಟನೆಯದರಲ್ಲಿ ಯೆರೂಸಲೇಮಿನ ಹೆಂಗಸರು ಅಳುತ್ತಾರೆ. ಇವರಲ್ಲಿ ವೆರೋನಿಕಾ ಬೈಬಲ್ಲಿನಲ್ಲಿಲ್ಲ, ದಾರಿಯಲ್ಲಿ ತಾಯಿ ಎದುರಾದದ್ದೂ ಇಲ್ಲ. ಜನ ಸೇರಿಸಿಕೊಂಡರು. ರಕ್ತ ಸುರಿಯುವ ಮುಖವನ್ನು ಯಾರೊಬ್ಬರೂ ಒರೆಸಲಿಲ್ಲ ಎಂದರೆ ಅವರಿಗೆ ಸಹಿಸಲಾಗಲಿಲ್ಲವೇನೋ.

ಈ ಶೋಕದ ಇನ್ನೊಂದು ಮುಖವನ್ನೂ ಹೇಳಬೇಕು, ಇತಿಹಾಸದ ಟೀಚರ್ ಅನ್ನಿಸಿಕೊಂಡವಳು ಅದನ್ನು ಬಿಡುವಂತಿಲ್ಲ. ಮಧ್ಯಯುಗದ ಯೂರೋಪಿನಲ್ಲಿ ಈ ದಿನದ ಅಳು ಬೀದಿಗೆ ಬಂದು ಯೆಹೂದ್ಯರ ಮೇಲಿನ ಸಿಟ್ಟಾಗುತ್ತಿತ್ತು. 1215ರ ನಾಲ್ಕನೆಯ ಲ್ಯಾಟರನ್ ಮಹಾಸಭೆ ಈ ದಿನಗಳಲ್ಲಿ ಯೆಹೂದ್ಯರು ಹೊರಗೆ ಕಾಣಿಸಿಕೊಳ್ಳಬಾರದು ಎಂದೇ ವಿಧಿಸಿತು. ಶುಕ್ರವಾರದ ಪ್ರಾರ್ಥನೆಯಲ್ಲಿಯೇ ಅವರನ್ನು ವಿಶ್ವಾಸಹೀನರೆಂದು ಹೇಳುವ ಶಬ್ದವಿತ್ತು. ಇಪ್ಪತ್ತಮೂರನೆಯ ಜಾನ್ ಪೋಪರು 1959ರಲ್ಲಿ ಅದನ್ನು ತೆಗೆಸಿದರು. ಅಂದಿದ್ದ ಎಲ್ಲ ಯೆಹೂದ್ಯರ ಮೇಲಾಗಲಿ ಇಂದಿನವರ ಮೇಲಾಗಲಿ ಈ ಸಾವಿನ ಹೊಣೆ ಹೊರಿಸಕೂಡದೆಂದು ವ್ಯಾಟಿಕನ್ ಮಹಾಸಭೆ ಹೇಳಿದ್ದು 1965ರಲ್ಲಿ. ಇಷ್ಟು ತಡವಾಗಿ! ಬಾಯಮ್ಮನಿಗೆ ಇದನ್ನೆಲ್ಲ ಹೇಳಿದಾಗ ಬಹಳ ಹೊತ್ತು ಸುಮ್ಮನಿದ್ದು, "ಹಾಗಾದರೆ ಶಿಲುಬೆಗೆ ಹಾಕು ಅಂತ ನಾವೇ ಹೇಳುವುದು ಒಳ್ಳೆಯದಾಯ್ತು. ಬೇರೆಯವರ ಬಾಯಿಗೆ ಹಾಕುವುದು ಬೇಡ" ಎಂದರು.

ಕರಾವಳಿಯ ಕ್ರೈಸ್ತರಿಗೆ ಈ ತಪಸ್ಸಿನ ಕಾಲದಲ್ಲಿ ತಮ್ಮದೇ ಒಂದು ನೋವಿನ ನೆನಪೂ ಬೆರೆತಿದೆ. 1784ರಲ್ಲಿ ಟಿಪ್ಪುವಿನ ಆಜ್ಞೆಯಂತೆ ಅವರನ್ನು ಹಿಡಿದು ಶ್ರೀರಂಗಪಟ್ಟಣಕ್ಕೆ ನಡೆಸಿಕೊಂಡು ಹೋದದ್ದು ತಪಸ್ಸಿನ ಕಾಲ ಆರಂಭವಾಗುವ ವಿಭೂತಿ ಬುಧವಾರದಂದು ಎಂದು ಅವರ ಪರಂಪರೆ ಹೇಳುತ್ತದೆ. 1799ರಲ್ಲಿ ಪಟ್ಟಣ ಬಿದ್ದ ಮೇಲೆ ಬದುಕುಳಿದವರು ಮರಳಿದರು. ಬಾಯಮ್ಮನ ಅಜ್ಜಿ ಆ ನಡಿಗೆಯ ಕಥೆಯನ್ನು ಶಿಲುಬೆ ಹಾದಿಯ ಕಥೆಯ ಜೊತೆಗೇ ಹೇಳುತ್ತಿದ್ದರಂತೆ, ಎರಡೂ ಒಂದೇ ಎನ್ನುವಂತೆ.

ಹೆಸರಿನ ಗೊಂದಲ ಮಾತ್ರ ನನ್ನ ಹಾಗೆ ಅನೇಕರನ್ನು ಕಾಡಿದೆ. ಇಂಗ್ಲಿಷಿನ 'ಗುಡ್' ಎಂಬ ಮಾತಿಗೆ ಹಿಂದೆ ಪವಿತ್ರ ಎಂಬ ಅರ್ಥವೂ ಇತ್ತು, ಈ ಹೆಸರಿನಲ್ಲಿ ಇರುವುದು ಅದು. ನಮ್ಮವರು ಅದನ್ನು 'ಶುಭ ಶುಕ್ರವಾರ' ಎಂದು ಮಾಡಿಕೊಂಡ ಮೇಲೆ ಶುಭಾಶಯ ಹೇಳದೆ ಇರುವುದು ಹೇಗೆ? ಜರ್ಮನರದು ನೇರ ಹೆಸರು. ಅವರ 'ಕಾರ್‌ಫ್ರೈಟಾಗ್' ಎಂದರೆ ಗೋಳಿನ ಶುಕ್ರವಾರ. ಸ್ವೀಡನ್, ಡೆನ್ಮಾರ್ಕಿನವರು ಉದ್ದನೆಯ ಶುಕ್ರವಾರ ಎನ್ನುತ್ತಾರೆ. ನನಗೆ ಇದೇ ಹೆಚ್ಚು ಇಷ್ಟ. ಮನೆಯಲ್ಲಿ ಹೆಣವಿಟ್ಟುಕೊಂಡು ಕಾದವರಿಗೆ ಆ ಉದ್ದ ಗೊತ್ತು.

ನಮ್ಮ ಶಾಲೆಯ ಕನ್ನಡ ಪಂಡಿತರು ಒಂದು ದಿನ ಲೈಬ್ರರಿಯ ಕಪಾಟಿನಿಂದ ಮಂಜೇಶ್ವರದ ಗೋವಿಂದ ಪೈಗಳ 'ಗೊಲ್ಗೊಥಾ' ತೆಗೆದುಕೊಟ್ಟರು. ಕ್ರಿಸ್ತನ ಕೊನೆಯ ದಿನದ ಕಾವ್ಯ. ಬುದ್ಧನ ಕೊನೆಯ ದಿನದ ಮೇಲೆ 'ವೈಶಾಖಿ' ಬರೆದವರೂ ಅವರೇ. ಮನೆಯಲ್ಲಿ ಕೊಂಕಣಿ ಮಾತಾಡುವ ಹಿಂದೂ ಕವಿ ಕನ್ನಡದಲ್ಲಿ ಈ ಶುಕ್ರವಾರವನ್ನು ಬರೆದಿದ್ದಾರೆ ಎಂದು ಬಾಯಮ್ಮನಿಗೆ ಹೇಳಿದೆ. ಓದಿ ಹೇಳಿ ಎಂದರು. ಹಳೆಗನ್ನಡದ ಬಿಗುವಿನ ಆ ಭಾಷೆ ನನಗೇ ಕಷ್ಟವಾಗಿತ್ತು, ಅವರಿಗೆ ಎಷ್ಟು ತಿಳಿಯಿತೋ. ಜಪಸರ ತಿರುಗಿಸುತ್ತಾ ಕೇಳಿದರು.

ಉಪವಾಸದ ವಿಷಯದಲ್ಲಿ ಅವರ ಕಾನೂನು ನಮ್ಮದಕ್ಕಿಂತ ಸ್ಪಷ್ಟ. ಹದಿನೆಂಟರಿಂದ ಐವತ್ತೊಂಬತ್ತರವರೆಗಿನವರು ವಿಭೂತಿ ಬುಧವಾರ ಮತ್ತು ಈ ಶುಕ್ರವಾರ ಕಡ್ಡಾಯವಾಗಿ ಉಪವಾಸವಿರಬೇಕು. ಒಂದೇ ಹೊತ್ತು ಪೂರ್ತಿ ಊಟ, ಮಾಂಸ ಕೂಡದು. ಬಾಯಮ್ಮ ಅರವತ್ತು ದಾಟಿ ಎಷ್ಟೋ ವರ್ಷವಾಗಿತ್ತು. "ನನಗೆ ರಿಟೈರ್ ಆಗಿದೆ" ಎಂದು ನಗುತ್ತಿದ್ದರು, ಆದರೂ ಸಂಜೆಯವರೆಗೆ ನೀರು ಬಿಟ್ಟು ಏನೂ ಮುಟ್ಟುತ್ತಿರಲಿಲ್ಲ. ಸಂಜೆ ಗಂಜಿ, ಹುರುಳಿ ಚಟ್ನಿ. ನನಗೂ ಒಂದು ಬಟ್ಟಲು ಬರುತ್ತಿತ್ತು. ಭಾನುವಾರ ಬೆಳಿಗ್ಗೆ, ಪಾಸ್ಖ ಹಬ್ಬದ ದಿನ, ಆ ಮೊದಲ ವರ್ಷದ ನನ್ನ ಕೊಬ್ಬರಿ ಮಿಠಾಯಿಯ ಡಬ್ಬಿಯನ್ನು ಹೊಸ ಸೀರೆಯುಟ್ಟುಕೊಂಡು ನನ್ನ ಮುಂದೆಯೇ ತೆರೆದು, ಮೊದಲ ತುಂಡನ್ನು ನನ್ನ ಬಾಯಿಗೇ ಇಟ್ಟರು.

2001ರಲ್ಲಿ ಆ ಶುಕ್ರವಾರ ಏಪ್ರಿಲ್ 13ಕ್ಕೆ ಬಂತು. ಬೇಸಿಗೆ ರಜೆ. ಮೌಲ್ಯಮಾಪನದ ಕೆಲಸವಿದ್ದುದರಿಂದ ನಾನು ಊರಿಗೆ ಹೋಗಿರಲಿಲ್ಲ, ಅಮ್ಮನೇ ಬಂದಿದ್ದಳು. ಕರೆಯಲೋ ಬೇಡವೋ ಎಂದು ನಾನು ಯೋಚಿಸುತ್ತಿದ್ದೆ. ಅಷ್ಟರಲ್ಲಿ ಬಾಯಮ್ಮ, "ಅಮ್ಮನೂ ಬರಲಿ, ಮನೆಯಲ್ಲಿ ಒಬ್ಬರೇ ಎಂತ ಮಾಡುತ್ತಾರೆ?" ಎಂದುಬಿಟ್ಟರು. ಅಮ್ಮ ಇಗರ್ಜಿಯ ಹೊಸ್ತಿಲು ಮುಟ್ಟಿ ಕಣ್ಣಿಗೊತ್ತಿಕೊಂಡು ಒಳಗೆ ಬಂದಳು. ಓದಾಗಲಿ ಹಾಡಾಗಲಿ ಅವಳಿಗೆ ಒಂದಕ್ಷರ ತಿಳಿಯಲಿಲ್ಲ. ಎಲ್ಲರೂ ಮಂಡಿಯೂರಿದಾಗ ಕಾಲು ನೋವೆಂದು ಕುಳಿತೇ ಇದ್ದಳು. ವಿಧಿಯೆಲ್ಲ ಮುಗಿದ ಮೇಲೆ ಮರಣಿಸಿದ ಕ್ರಿಸ್ತನ ಪ್ರತಿಮೆಯನ್ನು ಚಟ್ಟದಂಥ ಮಂಚದಲ್ಲಿ ಮಲಗಿಸಿ ನಡುವೆ ಇಟ್ಟರು. ಪಕ್ಕದಲ್ಲಿ ಕಪ್ಪು ಸೆರಗು ಹೊದಿಸಿದ ವ್ಯಾಕುಲ ಮಾತೆ. ಜನ ಸಾಲಾಗಿ ಹೋಗಿ ಪ್ರತಿಮೆಯ ಕಾಲಿಗೆ ಮುತ್ತಿಡುತ್ತಿದ್ದರು. ಅಮ್ಮನೂ ಎದ್ದು ಸಾಲಿನಲ್ಲಿ ನಿಂತಳು. ಹತ್ತಿರ ಹೋದವಳು ಮುತ್ತಿಡಲಿಲ್ಲ. ಪ್ರತಿಮೆಯ ಹಣೆಯ ಮೇಲೆ, ಜ್ವರ ನೋಡುವ ಹಾಗೆ, ಅಂಗೈ ಇಟ್ಟಳು. ಆಮೇಲೆ ತಾಯಿಯ ಪ್ರತಿಮೆಯ ಕಡೆ ನೋಡುತ್ತಾ ಬಹಳ ಹೊತ್ತು ನಿಂತಳು. ಹಿಂದಿದ್ದವರು ಯಾರೂ ಅವಸರ ಮಾಡಲಿಲ್ಲ.

ಹೊರಗೆ ಬಂದು ಮೆಟ್ಟಿಲ ಮೇಲೆ ಕುಳಿತೆವು. ಅಮ್ಮ ಬಾಯಮ್ಮನನ್ನು ಕೇಳಿದಳು, "ಎಷ್ಟು ವಯಸ್ಸಾಗಿತ್ತು ಅವರ ಮಗನಿಗೆ?"

"ಮೂವತ್ತಮೂರು ಅಂತ ಹೇಳುತ್ತಾರೆ."

"ನನ್ನ ಮಗನಿಗೆ ಹತ್ತೊಂಬತ್ತು" ಎಂದಳು ಅಮ್ಮ. ಆಮೇಲೆ ಅವನ ಹೆಸರು ಹೇಳಿದಳು. ಮನೆಯಲ್ಲಿ ಮುದ್ದಿಗೆ ಕರೆಯುತ್ತಿದ್ದ ಹೆಸರು. ಐದು ವರ್ಷದ ಮೇಲೆ ಮೊದಲ ಬಾರಿಗೆ ಕೇಳಿದೆ. ಅವನು ಈಜು ಕಲಿತದ್ದು ಯಾವಾಗ, ಅಂದು ಬೆಳಿಗ್ಗೆ ತಿಂಡಿ ಬೇಡವೆಂದು ಓಡಿದ್ದು, ಅಂಗಿಯ ಗುಂಡಿ ಹಾಕಿಕೊಡುತ್ತೇನೆಂದರೂ ನಿಲ್ಲದೆ ಹೋದದ್ದು ಎಲ್ಲವನ್ನೂ ಹೇಳಿದಳು. ನನಗೇ ಗೊತ್ತಿರದ ಸಂಗತಿಗಳು. ಬಾಯಮ್ಮ ಒಂದು ಮಾತೂ ಸಮಾಧಾನ ಹೇಳದೆ ಕೇಳಿದರು. ಕತ್ತಲಾಯಿತು. ಆ ದಿನ ಗಂಟೆ ಇಲ್ಲವಾದ್ದರಿಂದ ಎಷ್ಟು ಹೊತ್ತಾಯಿತೆಂದು ಮೂವರಿಗೂ ತಿಳಿಯಲಿಲ್ಲ.

ಊರಿಗೆ ಹೋದ ಮೇಲೆ ಅಮ್ಮ ಟ್ರಂಕು ತೆಗೆದು ಫೋಟೋ ಗೋಡೆಗೆ ಹಾಕಿದಳಂತೆ. ಅಪ್ಪ ಏನೂ ಹೇಳಲಿಲ್ಲವಂತೆ. ಮಾರನೆಯ ದಿನ ಅದಕ್ಕೊಂದು ಗಂಧದ ಹಾರ ತಂದು ಹಾಕಿದರಂತೆ.

ನನಗೆ 2004ರಲ್ಲಿ ವರ್ಗವಾಯಿತು. ಬಾಯಮ್ಮ 2009ರಲ್ಲಿ ತೀರಿಕೊಂಡರು. ಅವರ ಮಗಳು ಫೋನ್ ಮಾಡಿದ್ದಳು, ಹೋಗಿ ಮಣ್ಣು ಹಾಕಿ ಬಂದೆ. ಪವಿತ್ರ ಗುರುವಾರ ಹನ್ನೆರಡು ಜನರ ಪಾದ ತೊಳೆಯುವ ವಿಧಿಯಲ್ಲಿ ಹೆಂಗಸರನ್ನೂ ಸೇರಿಸಬಹುದೆಂದು 2016ರಲ್ಲಿ ಫ್ರಾನ್ಸಿಸ್ ಪೋಪರು ಅನುಮತಿ ಕೊಟ್ಟ ಸುದ್ದಿ ಓದಿದಾಗ, ಇದನ್ನು ಕೇಳಿ ಬಾಯಮ್ಮ ಏನನ್ನುತ್ತಿದ್ದರು ಎಂದುಕೊಂಡೆ. ಕಾಲು ನೋಡಿಕೊಂಡು, "ಹಿಮ್ಮಡಿ ಒಡೆದಿದೆ, ಬೇಡಪ್ಪ" ಎನ್ನುತ್ತಿದ್ದರೇನೋ.

ಅಮ್ಮನಿಗೆ ಈಗ ಎಂಬತ್ತು ದಾಟಿದೆ. ಶಿವರಾತ್ರಿ ಕಳೆದ ಮೇಲೆ ಒಂದು ದಿನ ತಪ್ಪದೆ ಫೋನ್ ಮಾಡಿ, "ಆ ಶುಕ್ರವಾರ ಈ ಸಲ ಯಾವಾಗ ಬರುತ್ತೆ?" ಎಂದು ಕೇಳುತ್ತಾಳೆ. ಅದು ಒಂದೇ ತಾರೀಖಿಗೆ ಬರುವುದಿಲ್ಲ. ಮಾರ್ಚ್ 21ರ ನಂತರದ ಹುಣ್ಣಿಮೆ ಕಳೆದ ಮೊದಲ ಭಾನುವಾರ ಪಾಸ್ಖ ಹಬ್ಬ, ಅದರ ಹಿಂದಿನ ಶುಕ್ರವಾರ ಇದು. ಮಾರ್ಚ್ 20ರಿಂದ ಏಪ್ರಿಲ್ 23ರ ಒಳಗೆ ಎಲ್ಲಿಯಾದರೂ ಬೀಳಬಹುದು. ಇಷ್ಟನ್ನು ಮೊದಲ ಸಲ ವಿವರಿಸಿದಾಗ ಅಮ್ಮ, "ಹುಣ್ಣಿಮೆ ಲೆಕ್ಕವೋ? ಹಾಗಾದರೆ ನಮ್ಮ ಪಂಚಾಂಗದ್ದೇ ಆಯಿತು ಬಿಡು" ಎಂದಿದ್ದಳು. ಕೆಲವು ವರ್ಷ ಹೋಳಿ ಹುಣ್ಣಿಮೆಯ ಹಿಂದೆ ಮುಂದೆ, ಕೆಲವು ವರ್ಷ ದವನದ ಹುಣ್ಣಿಮೆಯ ಹಿಂದೆ ಮುಂದೆ. ನಾನು ತಾರೀಖು ಹೇಳುತ್ತೇನೆ. "ಸರಿ, ಬರೆದುಕೊಂಡೆ" ಎನ್ನುತ್ತಾಳೆ. "ಅವತ್ತು ಗಂಜಿ ಸಾಕು ಅಂತ ನಿನ್ನ ಅತ್ತಿಗೆಗೆ ಈಗಲೇ ಹೇಳಿಡುತ್ತೇನೆ, ಶುಕ್ರವಾರ ಅಂತ ಪಾಯಸ ಮಾಡಿಬಿಟ್ಟಾಳು."